ಇಲ್ಲದ ಬಾಗಿಲು

"ಅಂದ್ರೆ ಇವಳಿಗೆ ಬರೋದೇ ಇಲ್ಲ. ಅಷ್ಟೇ ತಾನೇ ಡಾಕ್ಟ್ರೇ?" ಗಂಡ ಪಕ್ಕದಲ್ಲಿದ್ದ ಹೆಂಡತಿಯನ್ನು ತೋರಿಸಿ, ಕುರ್ಚಿಯ ತುದಿಗೆ ಸರಿದು ಕೇಳಿದ.

ಡಾಕ್ಟರಮ್ಮ ಇನ್ನೂ ಚಿತ್ರ ಬಿಡಿಸುತ್ತಿದ್ದರು. ಹಾಳೆಯ ಮೇಲೆ ಒಂದು ದೊಡ್ಡ ಸೊನ್ನೆ, ಅದರ ಅಂಚಿಗೆ ಪುಟ್ಟ ಬಾಗಿಲುಗಳು. ಸೊನ್ನೆ ಎಂದರೆ ರಕ್ತದ ಬಿಳಿ ಕಣ. ಎಚ್‌ಐವಿ ಅದರ ಹೊಸ್ತಿಲು ಹಿಡಿದುಕೊಂಡು, ಆಮೇಲೆ ಬಾಗಿಲಿನಿಂದ ಒಳಗೆ ನುಗ್ಗುತ್ತದಂತೆ. ಆ ಬಾಗಿಲಿಗೆ ಸಿಸಿಆರ್ ಫೈವ್ ಎಂದು ಹೆಸರು. ಅಪ್ಪ, ಅಮ್ಮ ಇಬ್ಬರ ಕಡೆಯಿಂದಲೂ ಇವಳಿಗೆ ಆ ಬಾಗಿಲಿನ ತಪ್ಪು ನಕ್ಷೆಯೇ, ಅಂದರೆ ಕೆಟ್ಟ ಜೀನೇ ಬಂದಿದ್ದರಿಂದ ಬಾಗಿಲು ಏಳಲೇ ಇಲ್ಲ. ಗಂಡನಿಗೆ ರೋಗವಿದ್ದೂ ಇವಳ ಪರೀಕ್ಷೆ ಪ್ರತಿ ಸಲ 'ಇಲ್ಲ' ಎಂದೇ ಬರುತ್ತಿದ್ದುದರ ಗುಟ್ಟು ಇದು.

"ಬರೋದೇ ಇಲ್ಲ ಅನ್ಬೇಡಿ," ಎಂದರು ಡಾಕ್ಟರಮ್ಮ. "ಬೇರೆ ಬಾಗಿಲಿಂದ ನುಗ್ಗೋ ಜಾತಿ ವೈರಸ್ಸೂ ಇದೆ. ಅಪರೂಪ, ಆದ್ರೆ ಇದೆ. ಅಲ್ದೆ ಈ ಬಾಗಿಲು ದೇಹಕ್ಕೂ ಬೇಕಾದದ್ದೇ. ಇದಿಲ್ಲದೋರಿಗೆ ಕೆಲವು ಸೊಳ್ಳೆ ಜ್ವರ ಮಿದುಳಿಗೇ ಏರಬಹುದು. ನೀವು ಮಾತ್ರೆ ತಪ್ಪಿಸ್ಬೇಡಿ. ಎಚ್ಚರಿಕೇನೂ ಬಿಡ್ಬೇಡಿ."

ಗಂಡನ ಕಿವಿಗೆ ಅದೊಂದೂ ಬಿದ್ದಂತಿರಲಿಲ್ಲ. ಆಗಲೇ ಫೋನು ತೆಗೆದು ಅಮ್ಮನಿಗೆ ಹಚ್ಚಿದ್ದ.

ಅವಳು ಹಾಸಿಗೆ ಅಂಗಡಿಯಲ್ಲಿ ಕೆಲಸ ಮಾಡುವವಳು. ಊರಿನವರ ಹಳೆಯ ಹಾಸಿಗೆಗಳ ಹೊಲಿಗೆ ಬಿಚ್ಚಿ, ಗಂಟುಗಟ್ಟಿದ ಹತ್ತಿಯನ್ನು ಹಿಂಜಿ, ಹೊಸ ಗವಸಿಗೆ ತುಂಬಿ ಹೊಲಿಯುತ್ತಾಳೆ. ಮಕ್ಕಳ ಉಚ್ಚೆ, ಮುದುಕರ ಬೆವರು, ಯಾರದೋ ಬಾಣಂತನದ ಕಲೆ, ಎಲ್ಲ ಅವಳ ಕೈ ಕೆಳಗೇ ಹಾದುಹೋಗುತ್ತವೆ. ಹೊಸದಾಗಿ ಸೇರಿದವರು ಮೂಗಿಗೆ ಬಟ್ಟೆ ಕಟ್ಟಿಕೊಂಡರೆ ಅವಳು ನಗುತ್ತಾಳೆ. "ಮನುಷ್ಯರು ಮಲಗಿದ್ದ ಜಾಗ ಮನುಷ್ಯರ ವಾಸನೆ ಹೊಡೆಯದೆ ಮಲ್ಲಿಗೆ ವಾಸನೆ ಹೊಡೆಯುತ್ತಾ?" ಎನ್ನುತ್ತಾಳೆ.

ಗಂಡನ ರೋಗದ ಮೇಲೂ ಅವಳಿಗೆ ಅಸಹ್ಯ ಬಂದಿರಲಿಲ್ಲ. ಬಿಡದ ಜ್ವರಕ್ಕೆ ಆಸ್ಪತ್ರೆ ಸೇರಿ, ರಕ್ತ ಪರೀಕ್ಷೆಯ ಫಲಿತಾಂಶ ಬಂದ ದಿನ ಅವನು ಅವಳ ಮಡಿಲಲ್ಲಿ ಮುಖ ಹುದುಗಿಸಿ ಅತ್ತಿದ್ದ. "ಇವತ್ತೇ ಗೊತ್ತಾಯ್ತು ಕಣೇ, ನನ್ನಾಣೆ," ಎಂದಿದ್ದ. ಅವಳು ನಂಬಿದಳು. ಅತ್ತೆ ಮಗನ ಲೋಟವನ್ನು ಬೇರೆ ಇಟ್ಟಾಗ, ಲೋಟದಿಂದೆಲ್ಲ ಹರಡಲ್ಲ ಎಂದು ಅದರಲ್ಲೇ ಟೀ ಕುಡಿದು ತೋರಿಸಿದವಳು ಅವಳೇ. ಅವನ ವಾಂತಿ ಬಳಿದದ್ದು, ಮಾತ್ರೆ ನುಂಗಿಸಿದ್ದು, ತನ್ನ ರಕ್ತದ ಪರೀಕ್ಷೆಗೆ ಸಾಲಿನಲ್ಲಿ ನಿಂತು ಪ್ರತಿ ಸಲ ಜೀವ ಕೈಯಲ್ಲಿ ಹಿಡಿದುಕೊಂಡದ್ದು, ಯಾವುದನ್ನೂ ಅವಳು ದೊಡ್ಡದು ಮಾಡಲಿಲ್ಲ.

ಮನೆಗೆ ಬರುವಷ್ಟರಲ್ಲಿ ಅತ್ತೆ ಕೇಕು ತರಿಸಿದ್ದರು. ಹುಟ್ಟುಹಬ್ಬದಂತೆ ಮೇಜಿನ ಮಧ್ಯೆ ಇಟ್ಟು, "ನೀನು ಗಟ್ಟಿಗಿತ್ತಿ ಕಣಮ್ಮ, ನಂಗೆ ಮೊದ್ಲೇ ಗೊತ್ತಿತ್ತು," ಎಂದರು.

ಗಂಡ ಟೀ ಸುರಿದುಕೊಂಡು ಕಾಲು ಚಾಚಿ ಕೂತ. "ಇನ್ನು ಮುಚ್ಚುಮರೆ ಯಾಕೆ, ಅಮ್ಮಾ? ಹೇಳಿಬಿಟ್ರೆ ಮನಸ್ಸಿಗೂ ಹಗುರ." ಅವಳ ಕಡೆ ತಿರುಗಿ ನಕ್ಕ. "ನಂಗೆ ಮದುವೆಗೆ ಮುಂಚೇನೇ ಗೊತ್ತಿತ್ತು ಕಣೇ."

"ಏನು?"

"ಇದೇ, ಕಾಯಿಲೆ."

ಅವನು ಬಿಸ್ಕತ್ತನ್ನು ಟೀಯಲ್ಲಿ ಅದ್ದಿದ್ದ. ಅದು ಮೆತ್ತಗಾಗಿ ಕಳಚಿ ಬೀಳುವ ಮುಂಚೆ ತಟ್ಟನೆ ಬಾಯಿಗಿಟ್ಟು ಚೀಪಿದ.

"ಮತ್ತೆ ಆಗೆಲ್ಲ ಮಾತ್ರೆ?" ಎಂದಳು ಅವಳು.

"ಹೇಗೆ ತಗೊಳ್ಳೋದು? ಡಬ್ಬಿ ಕಂಡಿದ್ರೆ ನೀನು ಕೇಳ್ತಿರ್ಲಿಲ್ವಾ?"

ಅವಳು ಅತ್ತೆಯತ್ತ ನೋಡಿದಳು. ಅತ್ತೆ ಚಾಕುವಿಗೆ ಮೆತ್ತಿದ ಕ್ರೀಮನ್ನು ಬೆರಳಿನಿಂದ ಬಳಿದು ನೆಕ್ಕುತ್ತಿದ್ದರು. "ಮದುವೆಯಾದ್ರೆ ನೋಡ್ಕೊಳ್ಳೋರು ಒಬ್ಬರು ಇರ್ತಾರೆ ಅನ್ನಿಸ್ತು ಕಣಮ್ಮ. ತಾಯಿ ಕರುಳು. ಸದ್ಯ, ನಿಂಗೇನೂ ಆಗ್ಲಿಲ್ವಲ್ಲ."

"ಮಗು ಆಗ್ಲಿಲ್ಲ ಅಂತ ನಾನು ಅಳ್ತಿದ್ದೆ. ಆಗುತ್ತೆ ಬಿಡು, ಬಾ ಮಲಗು ಅಂತಿದ್ರಿ." ಅವಳು ಗಂಡನ ಮುಖವನ್ನೇ ನೋಡುತ್ತಿದ್ದಳು. "ಆಗ್ಲೂ ಗೊತ್ತಿತ್ತಾ?"

"ಗೊತ್ತಿತ್ತಪ್ಪ. ಆದ್ರೆ ಆಗ್ಲಿಲ್ವಲ್ಲ. ಎಲ್ಲ ಒಳ್ಳೇದಕ್ಕೇ ಆಯ್ತು." ಅವನು ಅವಳ ಮೊಣಕೈ ಸವರಿದ. "ಇನ್ನು ಆ ಎಚ್ಚರಿಕೆ ಗಿಚ್ಚರಿಕೆ ಕಾಟಾನೂ ಇಲ್ಲ. ಅಲ್ವಾ?"

ಅವಳು ಮೊಣಕೈ ಹಿಂದಕ್ಕೆಳೆದುಕೊಂಡಳು. ಛೀ, ಈ ಕೈಯನ್ನೇ ಅಲ್ಲವೇ ಹಿಡಿದುಕೊಂಡು ಆಸ್ಪತ್ರೆಯ ಬೆಂಚಿನ ಮೇಲೆ ಕೂತಿದ್ದದ್ದು. ಎದ್ದು ಹೋಗಿ ಮೊಣಕೈಗೆ ಸೋಪು ಹಚ್ಚಿ ತೊಳೆದಳು. ತೊಳೆದರೂ ಅವನ ಕೈ ಅಲ್ಲೇ ಇದ್ದ ಹಾಗಿತ್ತು. ಮತ್ತೆ ತೊಳೆದಳು. ಊರಿನ ಹಾಸಿಗೆಗಳನ್ನೆಲ್ಲ ಬಿಚ್ಚಿಯೂ ಬಾರದ ಓಕರಿಕೆ, ಕ್ರೀಮಿನ ವಾಸನೆ ಬರುವ ಈ ಮನೆಯಲ್ಲಿ ಗಂಟಲಿಗೆ ಬಂದು ಕೂತಿತ್ತು.

"ಕೇಕು ತಿನ್ನಮ್ಮ," ಅತ್ತೆ ಕೂಗಿದರು.

ಅವಳು ಮಲಗುವ ಕೋಣೆಗೆ ಹೋಗಿ ಮಂಚದ ಮೇಲಿನ ದೊಡ್ಡ ಹಾಸಿಗೆಯನ್ನು ನಡುಮನೆಗೆ ಎಳೆದು ತಂದಳು. ಮದುವೆಗೆಂದು ತಾನೇ ಹತ್ತಿ ಆರಿಸಿ ಹೊಲಿದದ್ದು. ದಬ್ಬಣ, ಕತ್ತರಿ, ದಾರದ ಉಂಡೆ ತೆಗೆದುಕೊಂಡು ಅದರ ಪಕ್ಕ ಕೂತಳು. ಒಂದು ಬದಿಯ ಹೊಲಿಗೆ ಚರಚರನೆ ಬಿಚ್ಚಿ, ಹತ್ತಿಯನ್ನು ಹೊರಗೆ ಸುರಿದಳು.

"ಹತ್ತಿ ಗಂಟುಗಟ್ಟಿದೆಯಾ?" ಎಂದು ಕೇಳಿದ ಗಂಡ.

ಅವಳು ಗವಸನ್ನು ಉದ್ದಕ್ಕೆ ನಡುವೆ ಕತ್ತರಿಸಿದಳು. ಹತ್ತಿಯನ್ನು ಕೈಯಿಂದಲೇ ತೂಗಿ ಎರಡು ಪಾಲು ಮಾಡಿದಳು. ಆ ಪಾಲಿನಲ್ಲಿ ಒಂದು ಹಿಡಿ ಹೆಚ್ಚೆನಿಸಿದಾಗ ಈ ಪಾಲಿಗೆ ಹಾಕಿದಳು. ಅಂಗಡಿಯಲ್ಲಿ ಗಿರಾಕಿಗೆ ಮಾಡುವ ಹಾಗೆಯೇ, ಮೋಸವಿಲ್ಲದೆ.

"ಏನೇ ಇದು? ನಿಂಗೇನೂ ಆಗ್ಲಿಲ್ವಲ್ಲೇ," ಎಂದ ಗಂಡ. ಅವನ ದನಿ ಸಣ್ಣಗಾಗಿತ್ತು.

"ಆಗ್ಬೇಕಿತ್ತಾ?" ಎಂದಳು ಅವಳು, ತಲೆ ಎತ್ತದೆ.

ಅವನು ಅಮ್ಮನ ಮುಖ ನೋಡಿದ. ಅತ್ತೆ ಚಾಕು ಕೆಳಗಿಟ್ಟರು.

ಮೊದಲು ಅವನದನ್ನು ಹೊಲಿದಳು. ಮೂಲೆ ಮೂಲೆಗೆ ಗಂಟು ಹಾಕಿ, ತಟ್ಟಿ ಸಮ ಮಾಡಿ ಮಂಚದ ಮೇಲೆ ಹಾಕಿ ಬಂದಳು. ಅದರ ಮೇಲೆ ಅವನ ಮಾತ್ರೆಯ ಡಬ್ಬಿ ಇಟ್ಟಳು. ಮಂಚದ ಅರ್ಧ ಬರೀ ಹಲಗೆ ಕಾಣುತ್ತಿತ್ತು. ಆಮೇಲೆ ತನ್ನದನ್ನು ಹೊಲಿದು, ಸುತ್ತಿ, ಹಗ್ಗ ಬಿಗಿದು, ಬೀದಿ ಬಾಗಿಲಿಗೆ ಒರಗಿಸಿದಳು. ಉಳಿದ ದಾರವನ್ನು ಹಲ್ಲಿನಿಂದ ಕಡಿದು ಚಪ್ಪಲಿ ಮೆಟ್ಟಿಕೊಂಡಳು. ಸೀರೆಗೆ ಅಂಟಿದ್ದ ಹತ್ತಿಯ ಎಳೆಗಳನ್ನು ಒಂದೊಂದಾಗಿ ಬಿಡಿಸಿ ಹೊಸ್ತಿಲ ಒಳಗೇ ಉದುರಿಸುತ್ತಾ ನಿಂತಳು.