ನೆನೆದ ರಟ್ಟಿನ ವಾಸನೆ

ಪೆನ್ಸಿಲ್ ಕೆತ್ತಿದ ಹೊಟ್ಟನ್ನು ಚಿಕ್ಕಸ್ವಾಮಿ ಮತ್ತೊಮ್ಮೆ ಮೂಗಿಗೆ ಹಿಡಿದ. ಮರ. ಸ್ವಲ್ಪ ಸೀಸ. ಪರೀಕ್ಷೆಯ ಕೊಠಡಿ. ಇನ್ನೇನೂ ಇಲ್ಲ.

ಫ್ರಾನ್ಸಿನ ಪೊಯಾಕ್ ಎಂಬ ಊರಿನ ಕೆಂಪು ವೈನಿಗೆ ಈ ವಾಸನೆ ಇರುತ್ತದೆಂದು ಅವನು ಆರು ವರ್ಷಗಳಲ್ಲಿ ಒಂಬತ್ತು ಸಲ ಬರೆದಿದ್ದ. ಕೆ.ಆರ್. ಪೇಟೆಯ ಕಾಲೇಜಿನಲ್ಲಿ ಇಂಗ್ಲಿಷ್ ಪಾಠ. ಬೆಂಗಳೂರಿನ ಕ್ಲಬ್ಬೊಂದರ ಮಾಸಪತ್ರಿಕೆಯಲ್ಲಿ ‘ಸಿ. ಸ್ವಾಮಿ’ ಎಂಬ ಹೆಸರಿನಲ್ಲಿ ವೈನಿನ ಅಂಕಣ. ಬೋರ್ಡೋ ಸೀಮೆಯ ವೈನಾದರೆ ಎಂಬತ್ತೆರಡನೇ ಇಸವಿಯದು, ಮಾರ್ಗೋ ಆದರೆ ಎಂಬತ್ತಮೂರನ್ನೂ ಮರೆಯಬೇಡಿ, ಬರ್ಗಂಡಿಗೆ ಎಂಬತ್ತೈದು. ಮೈಸೂರಿನ ಹಳೆ ಪುಸ್ತಕದಂಗಡಿಯಲ್ಲಿ ತೂಕಕ್ಕೆ ಸಿಕ್ಕ ಪರದೇಶದ ಪತ್ರಿಕೆಗಳನ್ನು ಓದಿ, ತಮಾಷೆಗೆಂದು ಕಳಿಸಿದ ಮೊದಲ ಲೇಖನ ಅಚ್ಚಾಗಿಬಿಟ್ಟಿತ್ತು. ಆಮೇಲೆ ತಮಾಷೆ ಅವನ ಕೈಮೀರಿತು.

ಒಂದು ತೊಟ್ಟನ್ನೂ ಅವನು ಕುಡಿದಿರಲಿಲ್ಲ. ಮೊದಮೊದಲು, ತಾನಿದ್ದ ಕಿಕ್ಕೇರಿಯಲ್ಲಿ ಅಂಥದ್ದು ಸಿಗದೆ. ಆಮೇಲಾಮೇಲೆ, ಕುಡಿದರೆ ವಾಕ್ಯಗಳು ಸುಳ್ಳಾಗಿಬಿಟ್ಟಾವು ಎಂದು.

ಇವತ್ತು ಮಧ್ಯಾಹ್ನ ಅದು ಇತ್ಯರ್ಥವಾಗಲಿತ್ತು. ಜನವರಿಯ ಅಂಕಣದಲ್ಲಿ ಅವನು ಶಿಫಾರಸು ಮಾಡಿದ್ದ ಎಂಬತ್ತೆರಡರ ಒಂದು ಬಾಟಲಿ ಬೋರ್ಡೋವನ್ನು ಕ್ಲಬ್ಬಿನವರು ಹೇಗೋ ತರಿಸಿದ್ದರು. ಶ್ರೀರಂಗಪಟ್ಟಣದ ಹೊಳೆದಂಡೆಯ ಹೋಟೆಲಿನಲ್ಲಿ ಊಟ. ಸ್ವಾಮಿಯವರೇ ಬಂದು ಮೊದಲ ಗುಟುಕು ಹೀರಬೇಕು.

ಹೊರಗೆ ಬಾಡಿಗೆ ಮನೆಯ ಯಜಮಾನಿ ಪುಟ್ಟಲಕ್ಷ್ಮಮ್ಮ ಡೈರಿಯಿಂದ ಬಂದು ಕಾಲು ತೊಳೆಯುತ್ತಿದ್ದಳು. ಹೆಂಗಸರ ಹಾಲಿನ ಸಂಘದಲ್ಲಿ ಅವಳದು ಮೂಸುವ ಕೆಲಸ. ಕ್ಯಾನಿನ ಮುಚ್ಚಳ ತೆಗೆದು ಒಂದೇ ಸಲ ಮೂಸಿ, ಕೆಟ್ಟಿದ್ದರೆ “ಆಚ್ಗಿಡು” ಎನ್ನುವಳು. ಅದರ ಮೇಲೆ ಅಪೀಲಿಲ್ಲ. ಅವಳ ತಂಗಿಯೇ ಈ ಮೂಗಿಗೆ ಹೆದರಿ ಖಾಸಗಿಯವರಿಗೆ ಹಾಲು ಹಾಕುತ್ತಿದ್ದಳು.

“ಕಾಪಿ ಬ್ಯಾಡ್ವಾ ಮೇಷ್ಟ್ರೆ?”

“ಬೇಡ. ಉಪವಾಸ.”

“ಯಾವ್ ದ್ಯಾವ್ರುಗೆ?”

ಚಿಕ್ಕಸ್ವಾಮಿ ಚಪ್ಪಲಿ ಮೆಟ್ಟಿಕೊಂಡ. ಮೂಗಿಗೆ ಬೇರೆ ವಾಸನೆ ಅಡ್ಡ ಬರಬಾರದೆಂದು ಸೋಪು ಸಹ ಹಚ್ಚದೆ ಸ್ನಾನ ಮಾಡಿದ್ದ.

ಬಸ್ಸು ಪಾಂಡವಪುರ ಸೇರುತ್ತಿದ್ದಂತೆ ಸಕ್ಕರೆ ಕಾರ್ಖಾನೆಯ ಕಾಕಂಬಿ ವಾಸನೆ ಕಿಟಕಿಯಿಂದ ನುಗ್ಗಿತು. ಚಿಕ್ಕಸ್ವಾಮಿ ಕರ್ಚೀಫಿನಲ್ಲಿ ಮೂಗು ಮುಚ್ಚಿಕೊಂಡ.

“ನೆಗ್ಡಿನಾ ಸಾ?” ಎಂದ ಪಕ್ಕದಲ್ಲಿ ಕೂತ ರೈತ.

“ಹೂಂ.”

“ಮತ್ತೆ ಈಗ್ಲೇ ಚೆನ್ನಾಗಿ ಎಳ್ಕಳಿ. ಈ ವಾಸ್ನೆ ವೊಡುದ್ರೆ ಎಂಥಾ ನೆಗ್ಡೀನೂ ಓಯ್ತದೆ.”

ಚಿಕ್ಕಸ್ವಾಮಿ ಕಿಟಕಿಯ ಕಡೆ ತಿರುಗಿದ. ಅವನೊಂದಿಗೆ ಯಾರಾದರೂ ಮಾತಾಡಿದರೆ ಅದು ಅವನಲ್ಲಿಲ್ಲದ ಕಾಯಿಲೆಯ ಬಗ್ಗೆ. ನಾಗಮಂಗಲಕ್ಕೆ ವರ್ಗವಾಗಿ ಹೋದ ಹೆಂಡತಿ ಮೊದಲು ವಾರಕ್ಕೊಮ್ಮೆ ಬರುತ್ತಿದ್ದಳು, ಆಮೇಲೆ ಹಬ್ಬಕ್ಕೊಮ್ಮೆ. ಈಗ ಹಬ್ಬಗಳೂ ಬರುತ್ತಿರಲಿಲ್ಲ.

ಹೊಳೆಯ ಪಕ್ಕ, ಮರದ ನೆರಳಿನಲ್ಲಿ ಉದ್ದನೆಯ ಮೇಜು. ದೂರದಲ್ಲಿ ಕರಿಘಟ್ಟದ ಗುಡ್ಡ ಬಿಸಿಲಿಗೆ ಬೆನ್ನು ಕೊಟ್ಟು ಕೂತಿತ್ತು. ಹನ್ನೆರಡು ಜನ. ಪತ್ರಿಕೆಯ ಸಂಪಾದಕ ದಿಲೀಪ್ ಎದ್ದು ಬಂದು ಕೈ ಹಿಡಿದುಕೊಂಡ. ಪಾಲಹಳ್ಳಿ ಗೌಡರ ಮನೆಯವನು. ಬೆಂಗಳೂರು ಸೇರಿ ಇಪ್ಪತ್ತು ವರ್ಷ.

“ನೋಡ್ರಪ್ಪ, ಇವ್ರೇ ಸ್ವಾಮಿ! ಇವ್ರು ಹೇಳ್ದೆ ನಾನು ಬಾಟ್ಲಿ ಮುಟ್ಟಲ್ಲ. ಸಾರ್, ನೀವು ಓದಿದ್ದು ಎಲ್ಲಿ, ಫ್ರಾನ್ಸಲ್ಲಾ?”

“ಬೇರೆ ಬೇರೆ ಕಡೆ,” ಎಂದ ಚಿಕ್ಕಸ್ವಾಮಿ.

ಬಿರಡೆ ಬಿಚ್ಚಿದರು. ಲೋಟದ ತಳದಲ್ಲಿ ಒಂದಿಷ್ಟು ಕೆಂಪು. ಎಲ್ಲರ ಕಣ್ಣು ಅವನ ಮೂಗಿನ ಮೇಲೆ.

ಮೂಸಿದ.

ಕಾಲೇಜಿನ ಸ್ಟೋರ್ ರೂಮು. ಸೋರಿದ ಸೂರು. ಉತ್ತರಪತ್ರಿಕೆಗಳ ಕಟ್ಟುಗಳಿಗೆ ಹಾಕಿದ ರಟ್ಟು ಮಳೆಗಾಲವೆಲ್ಲ ನೆನೆದು ಬಿಡುವ ವಾಸನೆ. ಬಿರಡೆ ಕೆಟ್ಟರೆ ವೈನು ನೆನೆದ ರಟ್ಟು ನಾರುತ್ತದೆಂದು ಅವನೇ ತೊಂಬತ್ತನಾಲ್ಕರಲ್ಲಿ ಬರೆದಿದ್ದ, ಎಲ್ಲಿಂದಲೋ ಎತ್ತಿ. ಈಗ ಅದು ನಿಜವಾಗಿ ಲೋಟದಲ್ಲಿತ್ತು. ಅವನಿಗೆ ಗೊತ್ತಾಗಿತ್ತು! ಆರು ವರ್ಷದಲ್ಲಿ ಮೊದಲ ಸಲ ಒಂದು ವಾಕ್ಯಕ್ಕೆ ವಾಸನೆ ಬಂದಿತ್ತು.

“ಇದು ಕೆಟ್ಟಿದೆ,” ಎಂದ. ದನಿ ತನ್ನದೇ ಎಂದು ಅನ್ನಿಸಿತು. “ಬಿರಡೆಯಿಂದ ಕೆಟ್ಟಿದೆ.”

ದಿಲೀಪ್ ಗಹಗಹಿಸಿ ನಕ್ಕ. “ನೋಡುದ್ರಾ! ಮೇಷ್ಟ್ರ ಬುದ್ಧಿ! ನಮ್ಗೇ ಪರೀಕ್ಷೆ ಕೊಡ್ತಾವ್ರೆ!”

ಎಲ್ಲರೂ ನಕ್ಕು ತಮ್ಮ ಲೋಟಗಳಿಗೂ ಒಂದಿಷ್ಟು ಬಗ್ಗಿಸಿಕೊಂಡರು. ದಿಲೀಪ್ ಜೇಬಿನಿಂದ ಜನವರಿಯ ಸಂಚಿಕೆ ತೆಗೆದು ಗಟ್ಟಿಯಾಗಿ ಓದಿದ. “ಮೊದಲು ದೇವದಾರು. ಆಮೇಲೆ ಪೆನ್ಸಿಲ್ ಹೊಟ್ಟು. ಕೊನೆಗೆ, ಹೆಸರು ಮರೆತ ಒಂದು ಹಣ್ಣು. ಇದನ್ನು ಒಬ್ಬರೇ ಕುಡಿಯಬೇಡಿ.”

ಮುತ್ತಿನ ಸರದ ಹೆಂಗಸು ಕಣ್ಣು ಮುಚ್ಚಿ ಲೋಟ ಆಡಿಸಿದಳು. “ಪೆನ್ಸಿಲ್... ಹಾಂ, ಬಂತು, ಬಂತು.”

ನಿವೃತ್ತ ಕರ್ನಲ್‌ಗೆ ದೇವದಾರು ಬಂತು. ಒಬ್ಬೊಬ್ಬರಿಗೂ ಬಂತು. ಇಬ್ಬರಿಗೆ ಹಣ್ಣು ಸಹ ಬಂತು.

“ಈಗೇಳಿ ಸಾರ್, ನಾವು ಪಾಸಾ?” ಎಂದ ದಿಲೀಪ್.

ಚಿಕ್ಕಸ್ವಾಮಿ ಮತ್ತೆ ಮೂಸಿದ. ರಟ್ಟು. ಹನ್ನೆರಡು ಮುಖಗಳು ಅವನದೇ ವಾಕ್ಯಗಳನ್ನು ಹೊತ್ತು ಅವನ ಅಪ್ಪಣೆಗೆ ಕಾದಿದ್ದವು.

“ಪಾಸು,” ಎಂದ.

ಚಪ್ಪಾಳೆ. ಹೊರಡುವಾಗ, ಬಾಟಲಿಯಲ್ಲಿ ಉಳಿದಿದ್ದ ಕಾಲು ಭಾಗವನ್ನು ಗೌರವದಿಂದ ಅವನ ಚೀಲದಲ್ಲಿಟ್ಟರು.

ಕಿಕ್ಕೇರಿ ತಲುಪಿದಾಗ ಇನ್ನೂ ಬಿಸಿಲಿತ್ತು. ಪುಟ್ಟಲಕ್ಷ್ಮಮ್ಮ ಹಿತ್ತಲಲ್ಲಿ ಹಾಲಿನ ಕ್ಯಾನು ಬೋರಲು ಹಾಕುತ್ತಿದ್ದಳು.

“ಏನ್ ಮೇಷ್ಟ್ರೆ, ಬಾಟ್ಲಿ? ಯೆಂಡವಾ?”

“ದ್ರಾಕ್ಷಿ ರಸ. ಹದಿನಾಲ್ಕು ವರ್ಷದ್ದು.”

“ಅಯ್ಯೋ ಶಿವ್ನೆ, ಅದ್ನಾಕ್ ವರ್ಸ ಯಾವ್ ರಸ ಇರ್ತದೆ?” ಸೆರಗಿಗೆ ಕೈ ಒರೆಸಿಕೊಂಡು ಬಾಟಲಿ ಇಸಕೊಂಡಳು. ಬಿರಡೆ ತೆಗೆದಳು. ಒಂದೇ ಸಲ ಮೂಸಿದಳು. ಮುಖ ತಿರುಗಿಸಿ ಹೇಳಿದಳು:

“ಕೆಟ್ಟೋಗದೆ. ಮಳೇಲಿ ನೆಂದ್ ಗೋಣಿಚೀಲ್ದಂಗೆ ವಡೀತದೆ. ಆಚ್ಗಿಡಿ.”

ಈ ಭೂಮಿಯ ಮೇಲೆ ಅವನಿಗೆ ಬಂದ ವಾಸನೆ ಇನ್ನೊಬ್ಬರಿಗೂ ಬಂದಿತ್ತು. ಎರಡು ಹೆಜ್ಜೆ ದೂರದಲ್ಲಿ ನಿಂತಿದ್ದಳು, ಕೈಯಲ್ಲಿ ಬಿರಡೆ ಹಿಡಿದು. ಹೌದು, ನನಗೂ ಹಾಗೇ ಅನ್ನಿಸಿತು, ಯಾರೂ ನಂಬಲಿಲ್ಲ: ಇಷ್ಟು ಹೇಳಿದರೆ ಸಾಕಿತ್ತು. ಅವಳು ಜಗಲಿಯ ಮೇಲೆ ಕೂತು ಇಡೀ ಕಥೆ ಕೇಳುತ್ತಿದ್ದಳು, ನಗುತ್ತಿದ್ದಳು, ಕಾಪಿ ಕೊಡುತ್ತಿದ್ದಳು.

ಬಾಯಿ ತೆರೆದ.

“ಇಲ್ಲ. ಅದು ಹಾಗೇ ಇರಬೇಕು,” ಎಂದ. “ಮೊದಲು ದೇವದಾರು. ಆಮೇಲೆ ಪೆನ್ಸಿಲ್. ಅಭ್ಯಾಸ ಇಲ್ಲದವರಿಗೆ ತಿಳಿಯಲ್ಲ.”

ಪುಟ್ಟಲಕ್ಷ್ಮಮ್ಮ ಅವನನ್ನು ನೋಡಿದಳು. ಮತ್ತೊಮ್ಮೆ ಮೂಸಬೇಕೋ ಬೇಡವೋ ಎಂಬಂತೆ ಬಾಟಲಿ ನೋಡಿದಳು. ಮೂಸಲಿಲ್ಲ.

“ಓದ್ದೋರು ನೀವು. ಇರ್ಬೋದು ಬುಡಿ,” ಎಂದು ಬಾಟಲಿಯನ್ನು ಕಲ್ಲಿನ ಮೇಲಿಟ್ಟು ಒಳಗೆ ಹೋದಳು. ಬಾಗಿಲನ್ನು ಮೆತ್ತಗೆ ಮುಂದೆ ಮಾಡಿಕೊಂಡಳು.

ಅವನು ಅದನ್ನು ಹಿತ್ತಲ ಮಣ್ಣಿಗೆ ಸುರಿದ. ಗೋಡೆಯ ಬುಡದಿಂದ ಇರುವೆಗಳ ಸಾಲೊಂದು ಕೆಂಪು ತೇವದ ಅಂಚಿಗೆ ಬಂತು. ಮುಂದಿನದು ನಿಂತಿತು. ಮೀಸೆ ಆಡಿಸಿತು. ಅವನು ಕುಕ್ಕರಗಾಲಿನಲ್ಲಿ ಕೂತು ಕಾದ.

ಸಾಲು ಬಲಕ್ಕೆ ತಿರುಗಿತು. ತೇವವನ್ನು ಬಳಸಿಕೊಂಡು, ಅವನ ಹೆಬ್ಬೆರಳನ್ನೂ ಬಳಸಿಕೊಂಡು, ಬೋರಲು ಹಾಕಿದ ಹಾಲಿನ ಕ್ಯಾನಿನ ಕಡೆಗೆ ಹೋಯಿತು.