ಮೂರು ಬೆರಳಿನ ಜಾಗ

ವಿಭೂತಿ ಬಾನೆಟ್ಟಿನ ಮೇಲೆ ನಿಲ್ಲಲಿಲ್ಲ. ಕೊಟ್ರಬಸಮ್ಮ ವಿಭೂತಿ ಗಟ್ಟಿಯನ್ನು ನೀರಲ್ಲಿ ತೇಯ್ದು, ಮೂರು ಬೆರಳು ಅದ್ದಿ, ಎಡದಿಂದ ಬಲಕ್ಕೆ ಎಳೆದಿದ್ದಳು. ಗೆರೆಗಳು ಒಂದು ಗಳಿಗೆ ಇದ್ದು, ಮಜ್ಜಿಗೆಯ ಹನಿಗಳಂತೆ ಮುದುಡಿಕೊಂಡು, ಉರುಳಿ ಬಂಪರಿನ ಮೇಲೆ ಬಿದ್ದವು. ಮತ್ತೆ ಎಳೆದಳು. ಮತ್ತೆ ಉರುಳಿದವು. ತಪ್ಪು ಬೆರಳುಗಳದ್ದೇನೋ ಎಂಬಂತೆ ಅವುಗಳನ್ನೇ ನೋಡಿಕೊಂಡಳು.

"ನಿಂದ್ರವಲ್ದು ನೋಡ್ರಿ. ಏನು ಬಳದೀರಿ ಇದಕ್ಕ?"

ಅವಳ ಗಂಡ ಗುರುಸಂಗಪ್ಪನಿಗೆ ಮೊದಲು ಖುಷಿಯೇ ಆಯಿತು. ದಾವಣಗೆರೆಯ ಅಂಗಡಿಯವನು ಸುಳ್ಳು ಹೇಳಿರಲಿಲ್ಲ.

ಪಕ್ಕದ ಓಣಿಯ ಜಂಬಯ್ಯ ಹೊಸ ಸುಮೊ ತಂದ ಮೇಲೆ ಕೊಟ್ಟೂರಿನ ಮದುವೆ ಬಾಡಿಗೆಗಳೆಲ್ಲ ಅವನ ಪಾಲಾಗಿದ್ದವು. ಗುರುಸಂಗಪ್ಪನ ಕಡುನೀಲಿ ಅಂಬಾಸಿಡರ್ ಆಸ್ಪತ್ರೆಗೆ ಹೋಗುವವರ ಗಾಡಿಯಾಗಿ ಉಳಿದಿತ್ತು. ಬಹಳ ದಿನದ ಮೇಲೆ ಇಟ್ಟಿಗಿ ಊರಿನಿಂದ ಒಬ್ಬ ಮದುಮಗನ ಸೋದರಮಾವ ಬಂದು, ಬಾನೆಟ್ಟಿನ ಮೇಲೆ ಬೆರಳಾಡಿಸಿ ಧೂಳು ನೋಡಿಕೊಂಡು, ಕನ್ನಡಿಯಂಗ ಮಾಡಿ ತಂದರೆ ನಮ್ಮ ಹುಡುಗ ಕೂರುತ್ತಾನೆ ಎಂದು ಹೇಳಿ ಹೋಗಿದ್ದ. ಅದಕ್ಕೇ ಗುರುಸಂಗಪ್ಪ ದಾವಣಗೆರೆಗೆ ಹೋದದ್ದು. ಅಂಗಡಿಯವನು ಎರಡು ತೆಗೆದಿಟ್ಟ. ಒಂದು ದುಂಡು ಡಬ್ಬಿಯ ವ್ಯಾಕ್ಸು. ಹೊಳಪು ಚೆನ್ನಾಗಿ ಬರುತ್ತದೆ, ಆದರೆ ನಿಮ್ಮ ಕಡೆಯ ಬಿಸಿಲಿಗೆ ಬೇಗ ಕರಗಿ ಹೋಗುತ್ತದೆ ಎಂದ. ಇನ್ನೊಂದು ಬಾಟಲಿಯಲ್ಲಿದ್ದ ಸೀಲೆಂಟು. ಬಣ್ಣದ ಮೇಲೆ ಗಾಜಿನಂಥ ಪೊರೆಯಾಗಿ ತಿಂಗಳುಗಟ್ಟಲೆ ನಿಲ್ಲುತ್ತದೆ. ನೀರು, ಧೂಳು, ಹಕ್ಕಿಯ ಹಿಕ್ಕೆ, ಏನೂ ಅಂಟುವುದಿಲ್ಲ ಎಂದ. ಗುರುಸಂಗಪ್ಪ ವ್ಯಾಕ್ಸಿನ ಡಬ್ಬಿ ಮೂಸಿ ನೋಡಿದ. ವಾಸನೆ ಹಿಡಿಸಿತು. ಆದರೂ ಬಾಟಲಿಯನ್ನೇ ಕೊಂಡ. 'ಏನೂ' ಎಂಬುದರಲ್ಲಿ ವಿಭೂತಿಯೂ ಬರುತ್ತದೆ ಎಂದು ಅವನಿಗೆ ಹೊಳೆದಿರಲಿಲ್ಲ.

ಹಿಂದಿನ ದಿನವಿಡೀ ಬೇವಿನ ನೆರಳಲ್ಲಿ ಗಾಡಿ ನಿಲ್ಲಿಸಿಕೊಂಡು ಕೆಲಸ ಮಾಡಿದ್ದ. ತೊಳೆದು ಒಣಗಿಸಿ, ಮೊದಲು ಕಾಂಪೌಂಡ್ ಎಂಬ ಮರಳುಮರಳಾದ ಪೇಸ್ಟಿನಿಂದ ಉಜ್ಜಿದ. ಮಾಸಿದ ಬಣ್ಣದ ಪೊರೆ ಎದ್ದು ಬಟ್ಟೆ ನೀಲಿಯಾಯಿತು. ಬಾನೆಟ್ಟಿನ ಮುಂಭಾಗದಲ್ಲಿ ಮೂರು ಮಂಕು ಗೆರೆಗಳಿದ್ದವು. ವರ್ಷಗಟ್ಟಲೆ ದಿನವೂ ಬಿದ್ದ ವಿಭೂತಿ ಬಣ್ಣವನ್ನು ತಿಂದು ಮಾಡಿದ ಕಲೆ. ಅವೂ ಹೋದವು. ಹೋದದ್ದಕ್ಕೆ ಅವನು ಹಿಗ್ಗಿದ್ದ. ಆಮೇಲೆ ಸೀಲೆಂಟನ್ನು ಸ್ಪಂಜಿನಲ್ಲಿ ತೆಳ್ಳಗೆ ಸವರಿ, ಮಂಜು ಹಿಡಿದಂತಾಗುವವರೆಗೆ ಕಾದು, ಕೊಟ್ರಬಸಮ್ಮನ ಹಳೆಯ ನೂಲಿನ ಸೀರೆಯ ತುಂಡಿನಿಂದ ಒರೆಸಿದ್ದ.

ಈಗ ಅವಳು ಒಳಗೆ ಹೋಗಿ ಗಾಡಿಯ ಕೀಲಿಯನ್ನು ಸೊಂಟಕ್ಕೆ ಸಿಕ್ಕಿಸಿಕೊಂಡು ಬಂದು ಕಟ್ಟೆಯ ಮೇಲೆ ಕೂತಳು.

ಆಕೆ ವಿಭೂತಿ ಹಚ್ಚದೆ ಗಾಡಿ ಒಂದೇ ಸಲ ಮನೆ ಬಿಟ್ಟಿತ್ತು. ಆಕೆ ಉಚ್ಚಂಗಿದುರ್ಗದ ತವರಿಗೆ ಹೋದಾಗ. ತಂಬ್ರಹಳ್ಳಿ ಹತ್ತಿರದ ತಿರುವಿನಲ್ಲಿ ಗಾಡಿ ಹುಣಸೆಮರಕ್ಕೆ ಬಡಿದು ಗುರುಸಂಗಪ್ಪನ ಎಡಗೈ ಮುರಿದಿತ್ತು. ಆ ಮಣಿಕಟ್ಟು ಇವತ್ತಿಗೂ ಪೂರ್ತಿ ಬಗ್ಗುವುದಿಲ್ಲ. ಎದುರಿಗೆ ಎಮ್ಮೆ ಬಂದಿತ್ತು ಎಂದು ಅವನು ಎಷ್ಟು ಸಲ ಹೇಳಿದರೂ, ಎಮ್ಮೆ ಯಾಕೆ ಬಂತು ಎಂಬುದು ಅವಳ ಪ್ರಶ್ನೆ.

ಇಟ್ಟಿಗಿಯಲ್ಲಿ ಮದುಮಗ ಕಾಯುತ್ತಿದ್ದ. ಹೊತ್ತಿಗೆ ಹೋಗದಿದ್ದರೆ ಅವರು ಜಂಬಯ್ಯನಿಗೆ ಫೋನು ಮಾಡುತ್ತಾರೆ. ಆಮೇಲೆ ಈ ಗಾಡಿಗೆ ಮದುವೆಯೆಂಬುದೇ ಇಲ್ಲ. ಗುರುಸಂಗಪ್ಪ ರಮಿಸಿ ನೋಡಿದ, ರೇಗಿ ನೋಡಿದ. ವಿಭೂತಿಯನ್ನು ಗಟ್ಟಿಯಾಗಿ ಕಲಸಿ ತಾನೇ ಮೆತ್ತಿದ. ಅದು ಒಣಗಿತೇನೋ ಹೌದು, ಆದರೆ ಬಾಗಿಲು ಹಾಕಿದ ಸದ್ದಿಗೇ ಹಕ್ಕಳೆಯಾಗಿ ಉದುರಿತು.

"ಮುಂದಿನ ಗಾಜಿಗೆ ಹಚ್ಚಿಬಿಡು. ಅಲ್ಲಿ ನಿಂದ್ರತೈತಿ."

"ಹಣಿ ಬಿಟ್ಟು ಚಸ್ಮಾಕ್ಕ ಇಬತ್ತಿ ಹಚ್ಕೊಂತಾರೇನ್ರಿ?"

ಹಾಗಾದರೆ ನಂಬರ್ ಪ್ಲೇಟಿಗೆ ಹಚ್ಚು ಎಂಬ ಮಾತು ಅವನ ಬಾಯಿಗೆ ಬಂದಿತ್ತು, ನುಂಗಿಕೊಂಡ.

ಅಷ್ಟರಲ್ಲಿ ಅವಳು ಎದ್ದು ಬಚ್ಚಲ ಕಡೆ ಹೋಗಿ, ಪಾತ್ರೆ ತಿಕ್ಕುವ ತೆಂಗಿನ ನಾರು ಹಿಡಿದುಕೊಂಡು ಬಂದಳು. ತಾನೇ ತಿಕ್ಕಿ ತೆಗೆಯುವುದಾಗಿ ಹೇಳಿದಳು. ಗುರುಸಂಗಪ್ಪ ಬಾನೆಟ್ಟಿಗೆ ಅಡ್ಡ ನಿಂತ. ಹೆಂಡತಿಯ ಕೈಯಲ್ಲಿನ ನಾರನ್ನೂ, ತನ್ನ ಮುಖ ಕಾಣುತ್ತಿದ್ದ ನೀಲಿಯನ್ನೂ ನೋಡಿದ. ಆಮೇಲೆ ಗಾಡಿಯ ಡಿಕ್ಕಿಯಿಂದ ಉಳಿದ ಕಾಂಪೌಂಡನ್ನೂ ವೈರಿಗೆ ಸುತ್ತುವ ಕರಿ ಟೇಪನ್ನೂ ತೆಗೆದ.

"ಇಲ್ಲೆ ಬಾ. ದಿನಾ ಹಚ್ಚೋ ಜಾಗದಾಗ ಬೆರಳಿಡು."

ಅವಳು ಸೆರಗಿಗೆ ಕೈ ಒರೆಸಿಕೊಂಡು ಮೂರು ಬೆರಳು ಇಟ್ಟಳು. ಗೆರೆಗಳು ಅಳಿಸಿದ್ದರೂ ಕೈಗೆ ಜಾಗ ಗೊತ್ತಿತ್ತು. ಅವನು ಬಗ್ಗಿ ಬೆರಳುಗಳ ಮೇಲೊಂದು, ಕೆಳಗೊಂದು ಟೇಪು ಹಚ್ಚಿದ.

"ಎಳಿ ಈಗ, ನಿಧಾನಕ."

ಎಳೆದಳು. ಟೇಪು ಹಿಂದೆಯೇ ಹೋಯಿತು. ಬೆರಳನ್ನು ಇನ್ನೂ ಸ್ವಲ್ಪ ಮುಂದಕ್ಕೆ ಎಳೆಯಲು ಹೋದಾಗ ಅವಳ ಮುಖದಲ್ಲಿ ನಗು ಕಂಡಿತು.

"ಹೊಲ ಅಳದಂಗ ಅಳಿತೀರಲ್ರಿ."

"ಗಪ್ಪನಿರು. ಒಂದು ಬೆರಳ ಹೆಚ್ಚು ಒತ್ತುವರಿ ಮಾಡಿದ್ರ ಕೋರ್ಟಿಗೆ ಹೋಗತೀನಿ."

ಟೇಪಿನ ನಡುವಿನ ಪಟ್ಟಿಯನ್ನು ಅವನು ಸೀಲೆಂಟಿನ ಪೊರೆ ಏಳುವ ತನಕ ಕಾಂಪೌಂಡಿನಿಂದ ಹಲ್ಲು ಕಚ್ಚಿ ಉಜ್ಜಿದ. ನಿನ್ನೆ ಹೊಳೆಯಿಸಿದ್ದನ್ನು ಇವತ್ತು ಮಂಕು ಮಾಡುವುದು ಹೊಳೆಯಿಸಿದ್ದಕ್ಕಿಂತ ಕಷ್ಟದ ಕೆಲಸವೆನಿಸಿತು. ಸೋಪಿನ ನೀರಿನಿಂದ ಒರೆಸಿದ. ಕೊಟ್ರಬಸಮ್ಮ ವಿಭೂತಿ ಎಳೆದಳು. ಗೆರೆಗಳು ನಿಂತವು. ಅವು ಒಣಗಿ ಬೆಳ್ಳಗಾಗುವ ತನಕ ಇಬ್ಬರೂ ನೋಡುತ್ತ ನಿಂತರು. ಅವಳು ಸೊಂಟದಿಂದ ಕೀಲಿ ತೆಗೆದು ಕೊಟ್ಟಳು. ಅದು ಬೆಚ್ಚಗಿತ್ತು.

ಇಟ್ಟಿಗಿಯಲ್ಲಿ ಸೋದರಮಾವ ಗಾಡಿಯ ಸುತ್ತ ಬಂದು, ಬಾಗಿಲಿನಲ್ಲಿ ತನ್ನ ಮೀಸೆ ನೋಡಿಕೊಂಡು ತಿರುವಿದ. ಬಾನೆಟ್ಟಿನ ಮುಂದೆ ಬಂದವನು, ವಿಭೂತಿ ಗೆರೆಗಳ ಸುತ್ತ ಇಲ್ಲಿಷ್ಟು ಯಾಕೆ ಮಂಕಾಗಿದೆ ಎಂದು ಕೇಳಿದ.

"ಅಲ್ಲಿ ನಮ್ಮನ್ಯಾಕಿ ಕೈ ಬೀಳತೈತ್ರಿ," ಎಂದು ಗುರುಸಂಗಪ್ಪ ಹೂವಿನ ಹಾರ ಕಟ್ಟಲು ಹೋದ.

ಮರುದಿನ ಬೆಳಿಗ್ಗೆ ಹಾರ ಬಿಚ್ಚಿ ಗಾಡಿ ತೊಳೆದ. ಕೊಡದಿಂದ ಸುರಿದ ನೀರು ನೀಲಿಯ ಮೇಲೆ ಮಣಿಮಣಿಯಾಗಿ ಓಡಿ ಎಲ್ಲ ಕಡೆಯಿಂದಲೂ ಇಳಿದು ಹೋಯಿತು. ಆ ಪಟ್ಟಿಯಲ್ಲಿ ಮಾತ್ರ ತೆಳ್ಳಗೆ ಹರಡಿಕೊಂಡು ಉಳಿಯಿತು. ಕೊಟ್ರಬಸಮ್ಮ ವಿಭೂತಿ ಗಟ್ಟಿ ಹಿಡಿದು ಹೊರಗೆ ಬಂದಳು. ನೀರಿನ ಬಟ್ಟಲು ತಂದಿರಲಿಲ್ಲ. ಬಗ್ಗಿ, ಅಲ್ಲಿ ನಿಂತಿದ್ದ ನೀರಿನಲ್ಲೇ ಬೆರಳು ಒದ್ದೆ ಮಾಡಿಕೊಂಡಳು.