ಮೊದಲ ಸಂಜೆ ಬರಿಗೈ

ಚಾದರದ ಎರಡು ಮೂಲೆ ಅತ್ತೆಯ ಕೈಯಲ್ಲಿ, ಎರಡು ಮೂಲೆ ಸೊಸೆಯ ಕೈಯಲ್ಲಿ. ಒಗೆದು ಹಿಂಡಿದ್ದನ್ನು ಹಗ್ಗಕ್ಕೆ ಹಾಕುವ ಮುಂಚೆ ಹೀಗೆ ಎದುರುಬದುರು ನಿಂತು ಎಳೆದು, ಝಾಡಿಸಿ, ಸುಕ್ಕು ಬಿಡಿಸುವುದು ಆ ಮನೆಯ ವಾಡಿಕೆ. ಇವತ್ತು ಸೊಸೆ ಎಳೆಯಬೇಕಾದಾಗ ಸಡಿಲ ಬಿಟ್ಟಳು, ಸಡಿಲ ಬಿಡಬೇಕಾದಾಗ ಎಳೆದಳು. ಅತ್ತೆ ಮುಗ್ಗರಿಸಿ ಮುಂದೆ ಬಂದಳು.

"ಚಾದರದ ಜೊತೆ ನನ್ನನ್ನೂ ಹಗ್ಗಕ್ಕೆ ಹಾಕ್ಬೇಕು ಅಂತಿದ್ದೀಯೇನೇ? ಹಾಗಿದ್ರೆ ಕ್ಲಿಪ್ಪು ಜಾಸ್ತಿ ತಗೊಂಡು ಬಾ."

"ತಪ್ಪಾಯ್ತು ಅತ್ತೆ. ಕೈ ಜಾರಿತು."

"ಜಾರಿದ್ದು ಕೈಯಲ್ಲ, ಬುದ್ಧಿ. ಆ ಕಾಗದಕ್ಕೆ ಉತ್ತರ ಬರೆದು ಬಿಸಾಕು ಅಂದ್ರೆ ಮೀನ ಮೇಷ ಎಣಿಸ್ತಾ ಕೂತಿದ್ದೀಯ. ನನ್ನ ಮಗ ನಿನ್ನೆ ಚಹಾ ಕೇಳಿದ್ರೆ ಬಿಸಿನೀರು ಕೊಟ್ಟೆ. ಅವನೂ ಕುಡಿದುಬಿಟ್ಟ, ಪುಣ್ಯಾತ್ಮ."

ಆ ಕಾಗದ ಅಡಿಗೆಮನೆಯ ಗಡಿಯಾರದ ಹಿಂದೆ ಇತ್ತು. ಬಡಾವಣೆಯ ಕಲಿಕಾ ಕೇಂದ್ರದಿಂದ ಬಂದದ್ದು. ದುಡಿದು ಬಂದವರಿಗೆ ಸಂಜೆ ಹೊತ್ತು ಕೈಕೆಲಸ ಹೇಳಿಕೊಡುವ ಜಾಗ ಅದು; ಕೆಳಗಿನ ಕೋಣೆಯಲ್ಲಿ ಮಣ್ಣು ಮತ್ತು ಗಾಜು, ಮೇಲಿನ ಕೋಣೆಯಲ್ಲಿ ನೇಯ್ಗೆ. ಸೊಸೆ ಹಗಲೆಲ್ಲ ಆಸ್ಪತ್ರೆಯ ಹೊಲಿಗೆ ಕೋಣೆಯಲ್ಲಿ ಹರಿದ ಚಾದರ, ನಿಲುವಂಗಿಗಳಿಗೆ ತೇಪೆ ಹಾಕುವವಳು. ಮಂದಿಯ ಹರಕನ್ನು ಮುಚ್ಚಿ ಮುಚ್ಚಿ ಬೇಸತ್ತವಳಿಗೆ, ಮೊದಲ ಎಳೆಯಿಂದ ಬಟ್ಟೆಯನ್ನು ಹುಟ್ಟಿಸುವ ಆ ಮೇಲಿನ ಕೋಣೆ ಕಂಡದ್ದೇ ತಡ, ಸಂಜೆಗಳನ್ನೆಲ್ಲ ಅದಕ್ಕೇ ಬರೆದುಕೊಟ್ಟಿದ್ದಳು. ಅಲ್ಲಿ ಕಲಿಸುವ ಹೆಂಗಸನ್ನು ಎಲ್ಲರೂ ಮಗ್ಗದಮ್ಮ ಎನ್ನುತ್ತಿದ್ದರು. ಈಗ ಮಗ್ಗದಮ್ಮನ ಭುಜ ಸೋತಿತ್ತು. ಅವಳ ಜಾಗಕ್ಕೆ ನೀವು ಬರುತ್ತೀರಾ ಎಂದು ಕೇಂದ್ರದ ಸಮಿತಿ ಕೇಳಿತ್ತು. ಬಂದರೆ ತೇಪೆಯ ಕೆಲಸ ಬಿಡಬಹುದು.

ಅಷ್ಟೇ ಆಗಿದ್ದರೆ ಅವಳು ಅವತ್ತೇ ಚಪ್ಪಲಿ ಮೆಟ್ಟದೆ ಓಡುತ್ತಿದ್ದಳು. ಕಾಗದದ ಕೆಳಗೆ ಇನ್ನೊಂದು ಮಾತಿತ್ತು. ಇನ್ನು ಮುಂದೆ ತರಗತಿ "ಒಂದು ಸಂಜೆ, ಒಂದು ವಸ್ತು" ಎಂಬ ಹೊಸ ಕ್ರಮದಲ್ಲಿ ನಡೆಯುತ್ತದೆ. ಬಂದವರು ಸಿದ್ಧ ಮಾಡಿಟ್ಟ ಮಗ್ಗದ ಮುಂದೆ ಕೂರಬೇಕು, ಪುಸ್ತಕದೊಳಗೆ ಗುರುತಿಗೆ ಇಡುವ ಪಟ್ಟಿಯೊಂದನ್ನು ನೇಯಬೇಕು, ಮನೆಗೆ ಒಯ್ಯಬೇಕು. ನೂಲು ಅಳೆಯುವುದು, ಎಳೆ ಹೂಡುವುದು, ಮಗ್ಗಕ್ಕೆ ಏರಿಸುವುದು, ಇವೆಲ್ಲ ಕಲಿಸುವವರು ಮೊದಲೇ ಮುಗಿಸಿಟ್ಟಿರಬೇಕಾದ ರಗಳೆ.

ಇದು ಅವಳ ಗಂಟಲಲ್ಲಿ ಇಳಿಯಲಿಲ್ಲ. ಹಾಗೆಂದು ಬರೆದರೆ ಕೆಲಸ ಕೈತಪ್ಪೀತು. ಬಾಯಿಗೆ ಬೀಗ ಹಾಕಿಕೊಂಡು ಒಪ್ಪಿದರೆ, ಇಳಿಯದ್ದನ್ನು ದಿನಾ ನುಂಗಬೇಕು. "ಒಪ್ಪಿದ್ದೇನೆ" ಎಂದು ಬರೆದು ಹರಿದಳು. "ಕ್ಷಮಿಸಿ" ಎಂದು ಬರೆದು ಅದನ್ನೂ ಹರಿದಳು.

ಕೇಂದ್ರದ ಮ್ಯಾನೇಜರು ಒಳ್ಳೆಯ ಮನುಷ್ಯನೇ. "ಒಂದು ಸಂಜೆ ನಡೆಸಿ ನೋಡಿ, ಆಮೇಲೆ ಬರೀರಿ" ಎಂದಿದ್ದ. "ಆದ್ರೆ ಬಾಯಿಮಾತು ನಡೆಯಲ್ಲ, ಬರಹದಲ್ಲೇ ಬೇಕು. ಈ ವಾರ ದಾಟಿದ್ರೆ ಸಮಿತಿಯವರು ಬೇರೆಯವರನ್ನ ಹುಡುಕ್ತಾರೆ, ನನ್ನ ಕೈಲಿಲ್ಲ."

ಆ ಸಂಜೆ ಇವತ್ತೇ ಇತ್ತು.

ಜನ ಬರುವ ಮುಂಚೆಯೇ ಅವಳು ಮೇಲಿನ ಕೋಣೆಯಲ್ಲಿ ಎಳೆ ಹೂಡುತ್ತಿದ್ದಳು. ಗೋಡೆಗೆ ಬಿಗಿದ ಹಲಗೆಯಲ್ಲಿ ಗೂಟಗಳು. ನೂಲು ಗೂಟದಿಂದ ಗೂಟಕ್ಕೆ ಹೋಗಿ ಬರುತ್ತದೆ. ಒಂದು ಜಾಗದಲ್ಲಿ ಮಾತ್ರ ಒಂದು ಎಳೆ ಗೂಟದ ಮೇಲೆ ಹಾದರೆ ಮುಂದಿನದು ಕೆಳಗೆ ಹಾಯಬೇಕು. ಎಳೆಗಳು ಹೀಗೆ ಒಂದನ್ನೊಂದು ಅಡ್ಡ ಹಾಯುವ ಆ ಜಾಗಕ್ಕೆ ಮಗ್ಗದಮ್ಮ ಇಟ್ಟ ಹೆಸರು ಕೂಡುರಸ್ತೆ. ಯಾವ ಎಳೆ ಯಾವುದರ ಪಕ್ಕದ್ದು ಎಂದು ನೆನಪಿಟ್ಟುಕೊಳ್ಳುವುದು ಕೂಡುರಸ್ತೆ ಒಂದೇ. ಹಲಗೆಯಿಂದ ಇಳಿಸುವ ಮುಂಚೆ ಅದನ್ನು ದಾರದಿಂದ ಕಟ್ಟಲೇಬೇಕು.

ಮಗ್ಗದಮ್ಮ ಕಿಟಕಿಯ ಬಳಿ, ಭುಜಕ್ಕೆ ಬಿಸಿನೀರ ಚೀಲ ಒತ್ತಿಕೊಂಡು ಕೂತಿದ್ದಳು. ಇವತ್ತು ತನ್ನದು ಬರೀ ಕಣ್ಣು, ಬಾಯಿಲ್ಲ ಎಂದು ಮೊದಲೇ ಹೇಳಿದ್ದಳು.

"ಅಮ್ಮಾ, ನೀವಾಗಿದ್ರೆ ಏನು ಬರೀತಿದ್ರಿ?" ಎಂದು ಇವಳು ಹೂಡುತ್ತಲೇ ಕೇಳಿದಳು.

"ನನ್ನ ಹೆಗಲ ಮೇಲೆ ಬಂದೂಕು ಇಡಬೇಡಮ್ಮ. ಹೆಗಲೇ ಸರಿಯಿಲ್ಲ."

ಮೆಟ್ಟಿಲ ಮೇಲೆ ಹೆಜ್ಜೆ ಸದ್ದಾಯಿತು. ಬಂದೇಬಿಟ್ಟರು. ಒಪ್ಪಿದ್ದೇನೆ, ಕ್ಷಮಿಸಿ, ಒಪ್ಪಿದ್ದೇನೆ ಎಂದು ತಲೆಯೊಳಗೆ ಗಿರಣಿ ತಿರುಗುತ್ತಿತ್ತು. ಕೊನೆಯ ಎಳೆ ಕತ್ತರಿಸಿದಳು, ಹೂಡಿದ ಎಳೆಗಳ ಇಡೀ ಹಾಸನ್ನು ಗೂಟಗಳಿಂದ ಸರಕ್ಕನೆ ಎಳೆದು ತೋಳಿಗೆ ಹಾಕಿಕೊಂಡಳು. ಕಿಟಕಿಯ ಕಡೆಯಿಂದ ಸಣ್ಣಗೆ ಒಂದು "ಅಯ್ಯೋ" ಕೇಳಿತು. ಆಗ ನೋಡಿಕೊಂಡಳು. ಕೂಡುರಸ್ತೆ ಕಟ್ಟಿರಲಿಲ್ಲ.

ಪುಟಸಂಖ್ಯೆ ಹಾಕದ ಪುಸ್ತಕದ ಹೊಲಿಗೆ ಬಿಚ್ಚಿ ಗಾಳಿಗೆ ಹಿಡಿದ ಹಾಗಾಗಿತ್ತು. ತೋಳಿನ ಮೇಲಿದ್ದದ್ದು ಹಾಸಲ್ಲ, ನೂಲಿನ ಮುದ್ದೆ. ಕಲಿಯಲು ಬಂದವರು ಆಗಲೇ ಕುರ್ಚಿ ಎಳೆದುಕೊಳ್ಳುತ್ತಿದ್ದರು: ಬಸ್ಸಿನ ಡ್ರೈವರು, ಬ್ಯಾಂಕಿನ ಹೆಂಗಸು, ಮತ್ತೆ ಜೊತೆಯಾಗಿ ಬಂದ ಅಕ್ಕತಂಗಿಯರಿಬ್ಬರು. ಹೊಸದಾಗಿ ಹೂಡಲು ಹೊತ್ತಿರಲಿಲ್ಲ. ಮುದ್ದೆಯನ್ನು ಬೆನ್ನ ಹಿಂದೆ ಬಚ್ಚಿಟ್ಟು ಮೈ ಸರಿಯಿಲ್ಲ ಎಂದುಬಿಡೋಣವೇ ಎಂದು ಒಂದು ಗಳಿಗೆ ಅನ್ನಿಸಿತು.

"ಪಟ್ಟಿ ನೇಯಬೇಕಿದ್ದ ನೂಲು ಇದು," ಎಂದು ಮುದ್ದೆಯನ್ನು ಮೇಜಿನ ಮೇಲಿಟ್ಟಳು. "ನಾನೇ ಕೆಡಿಸಿದೆ. ಬಿಡಿಸಿದ್ರೆ ಉಂಟು, ಇಲ್ಲಾಂದ್ರೆ ಇಲ್ಲ."

"ಇವತ್ತಿನ ಪಾಠ ಇದೇನಾ?" ಎಂದ ಡ್ರೈವರು.

"ಅಲ್ಲ. ಆದ್ರೆ ಇವತ್ತು ಬೇರೇನೂ ಇಲ್ಲ."

ಅಕ್ಕತಂಗಿಯರು ಒಂದೊಂದು ತುದಿ ಹಿಡಿದರು. ಇವಳು ನಡುವೆ ಬೆರಳಾಡಿಸುತ್ತ ತೋರಿಸಿಕೊಟ್ಟಳು. ಗಂಟು ಕಂಡ ಕಡೆ ಎಳೆಯಬಾರದು, ಎಳೆದರೆ ಬಿಗಿಯುತ್ತದೆ. ತುದಿಯಿಂದ ಅಲುಗಿಸಬೇಕು, ಎಳೆಗಳು ತಾವಾಗಿ ದೂರ ಸರಿಯುತ್ತವೆ. ಸರಿದದ್ದನ್ನು ಕೂಡುರಸ್ತೆಯ ಹಾಗೆ ಒಂದು ಕೋಲಿಗೆ, ಮೇಲೊಂದು ಕೆಳಗೊಂದು ಏರಿಸಬೇಕು.

"ಇದು ಟ್ರಾಫಿಕ್ ಜಾಮು," ಎಂದ ಡ್ರೈವರು ಕನ್ನಡಕ ಏರಿಸಿಕೊಂಡು. "ಹಾರ್ನ್ ಹೊಡೆದ್ರೆ ಬಿಡಲ್ಲ. ಹಿಂದಿದ್ದವನು ರಿವರ್ಸ್ ತಗೋಬೇಕು, ಆಗ ಬಿಡುತ್ತೆ. ಏಯ್ ನೀಲಿ ಎಳೆ, ನಿಂದೇ ತಪ್ಪು, ಹಿಂದೆ ಹೋಗಪ್ಪ."

ತಂಗಿ ನಕ್ಕು ತುದಿ ಬಿಟ್ಟಳು, ಅಕ್ಕ ಬೈದಳು, ಬಿಡಿಸಿದ್ದರಲ್ಲಿ ಅರ್ಧ ಮತ್ತೆ ಸಿಕ್ಕಾಯಿತು. ಬ್ಯಾಂಕಿನ ಹೆಂಗಸು ಕೈ ಹಾಕಿರಲಿಲ್ಲ. ಗಡಿಯಾರ ನೋಡಿ ಎದ್ದಳು.

"ಏನಾದ್ರೂ ಮಾಡ್ಕೊಂಡು ಬರ್ತೀನಿ ಅಂತ ಮಗಳಿಗೆ ಹೇಳಿದ್ದೆ," ಎಂದಳು. ಸಿಟ್ಟಿನಿಂದಲ್ಲ, ದಣಿವಿನಿಂದ.

"ಮುಂದಿನ ವಾರ ಬನ್ನಿ. ನೇಯೋದು ಆಗ..."

"ಮುಂದಿನ ವಾರ ನನಗೆ ಬಿಡುವು ಇರುತ್ತೆ ಅಂತ ನಿಮಗೆ ಹೇಳಿದ್ಯಾರು? ಈ ಒಂದು ಸಂಜೆಗೇ ಎಷ್ಟು ಜನರ ಕೈಕಾಲು ಹಿಡಿದಿದ್ದೀನಿ ಗೊತ್ತಾ?"

ಅವಳು ಹೋದಳು. ಆ ಮಾತು ಮುಳ್ಳಿನ ಹಾಗೆ ಒಳಗೇ ಉಳಿಯಿತು. ದೀಪ ಆರಿಸುವ ಹೊತ್ತಿಗೆ ಎಳೆಗಳೆಲ್ಲ ಕೋಲಿಗೆ ಏರಿದ್ದವು, ಒಂದು ಅಂಗುಲವೂ ನೇಯ್ದಿರಲಿಲ್ಲ. ಡ್ರೈವರು ಕೋಲನ್ನು ಎತ್ತಿ ಹಿಡಿದು, ಮೇಲೊಂದು ಕೆಳಗೊಂದು ಎಂದು ಎಳೆಗಳನ್ನು ತನಗೆ ತಾನೇ ಓದಿಕೊಂಡ. ಬಾಗಿಲಲ್ಲಿ ಕಾಯುತ್ತಿದ್ದ ಅಕ್ಕತಂಗಿಯರು ಕರೆದ ಮೇಲೇ ಕೆಳಗಿಟ್ಟದ್ದು.

ಮ್ಯಾನೇಜರು ಮೆಟ್ಟಿಲಲ್ಲೇ ಸಿಕ್ಕ. "ಒಬ್ಬರು ಬರಿಗೈಯಲ್ಲಿ ಇಳಿದು ಹೋದ್ರು."

"ಎಲ್ಲರೂ ಬರಿಗೈಯೇ."

"ನೋಡಿ ಅಕ್ಕ, ನನಗೂ ಗೊತ್ತಾಗುತ್ತೆ. ಆದ್ರೆ ದಣಿದು ಬಂದವರ ಕೈಗೆ ಏನಾದ್ರೂ ಕೊಡ್ಬೇಕಲ್ವಾ? ಕೊಡದಿದ್ರೆ ಬರಲ್ಲ. ಜನ ಬರದಿದ್ರೆ ಆ ಕೋಣೆಗೆ ಮುರಿದ ಕುರ್ಚಿ ತುಂಬ್ತಾರೆ."

ಅವನ ಮಾತು ಸುಳ್ಳಲ್ಲ. ಅದಕ್ಕೇ ಅವಳಿಗೆ ಹೆಚ್ಚು ಸಂಕಟವಾಯಿತು. ಮನೆಗೆ ಹೋಗುವ ದಾರಿಯಲ್ಲಿ ತಿರುವು ತಪ್ಪಿ ಹಿಂದಿನ ಬೀದಿಗೆ ಹೋದಳು, ಅಲ್ಲಿಂದ ಸುತ್ತು ಹಾಕಿ ಬಂದಳು. ಬ್ಯಾಂಕಿನ ಹೆಂಗಸು ಒಂದು ಕಡೆ, ಕೋಲು ಕೆಳಗಿಡದ ಡ್ರೈವರು ಇನ್ನೊಂದು ಕಡೆ, ಇಬ್ಬರೂ ಅವಳ ಜೊತೆಗೇ ನಡೆದ ಹಾಗಿತ್ತು. ಇಬ್ಬರಲ್ಲಿ ಯಾರನ್ನೂ ಕಳಿಸಿಬಿಡುವ ಹಾಗಿಲ್ಲ. ಒಪ್ಪಿದ್ದೇನೆ ಎಂದರೂ ಅರ್ಧ, ಕ್ಷಮಿಸಿ ಎಂದರೂ ಅರ್ಧ. ಇಷ್ಟು ದಿನ ಹರಿದದ್ದೆಲ್ಲ ಅರ್ಧರ್ಧವೇ.

ಮರುದಿನ ಅವಳಿಗೆ ಆಸ್ಪತ್ರೆಯಲ್ಲಿ ರಜೆ. ಬೆಳಿಗ್ಗೆಯೇ ಅಡಿಗೆಮನೆಯ ಮೇಜು ಒರೆಸಿ ಬರೆಯಲು ಕೂತಳು. ಅತ್ತೆ ಬೀನ್ಸ್ ನಾರು ತೆಗೆಯುತ್ತ ಎದುರಿಗೆ ಕೂತಳು.

"ಓದು. ನನಗೂ ಕೇಳಲಿ."

ಅವಳು ಓದಿದಳು. "ನಾನು ಬರುತ್ತೇನೆ. ಆದರೆ ಒಂದಲ್ಲ, ಎರಡು ಸಂಜೆ ಬೇಕು. ಮೊದಲ ಸಂಜೆ ಯಾರೂ ಏನನ್ನೂ ಒಯ್ಯುವುದಿಲ್ಲ, ತಮ್ಮ ಎಳೆಯನ್ನು ತಾವೇ ಹೂಡುತ್ತಾರೆ. ಎರಡನೆಯ ಸಂಜೆ ನೇಯುತ್ತಾರೆ. ಎರಡನೆಯ ಸಂಜೆಗೆ ಬಿಡುವಿಲ್ಲದವರ ಎಳೆ ಕಾದಿರುತ್ತದೆ, ಬೇಕಾದಾಗ ಬರಬಹುದು. ನಿನ್ನೆ ಒಬ್ಬರು ಬೇಸರಪಟ್ಟು ಹೋದರು, ಆ ತಪ್ಪು ನನ್ನದು. ಈ ಷರತ್ತು ಆಗದಿದ್ದರೆ ನನ್ನನ್ನು ಬಿಟ್ಟುಬಿಡಿ."

"ಬಿಟ್ಟುಬಿಡಿ ಅಂತ ನೀನೇ ಹೇಳಿಕೊಡ್ತಿದ್ದೀಯಲ್ಲೇ. ಅದನ್ನ ಹೊಡೆದು ಹಾಕು."

"ಹೊಡೆದು ಹಾಕಿದ್ರೂ ಬಿಡೋರು ಬಿಡ್ತಾರೆ ಅತ್ತೆ."

"ಬಿಟ್ರೆ?"

"ಹರಿದ ಚಾದರಕ್ಕೇನು ಬರವಿಲ್ಲ."

ಅತ್ತೆ ಒಂದು ಬೀನ್ಸನ್ನು ನಾರಿನ ಕಡೆಗೂ ನಾರನ್ನು ಬೀನ್ಸಿನ ಕಡೆಗೂ ಹಾಕಿದಳು. "ಈಗ ನನ್ನ ಕೈಯೂ ಜಾರ್ತಾ ಇದೆ. ಹೋಗು, ಇನ್ನೊಂದು ಗಳಿಗೆ ಕೂತ್ರೆ ಇದನ್ನೂ ಹರೀತೀಯ."

ಬೀದಿ ಕೊನೆಯ ಅಂಚೆಪೆಟ್ಟಿಗೆಯ ಹತ್ತಿರ ಅಂಚೆಯವನು ಕುಕ್ಕರಗಾಲಲ್ಲಿ ಕೂತು ಕಾಗದಗಳನ್ನು ಚೀಲಕ್ಕೆ ಸುರಿದುಕೊಳ್ಳುತ್ತಿದ್ದ. ಅವಳು ಲಕೋಟೆ ಹಿಡಿದು ನಿಂತಳು. ಅವನು ತಲೆ ಎತ್ತಿದ.

"ಹಾಕೋದಾದ್ರೆ ಹಾಕಿ ಅಕ್ಕ, ಬೀಗ ಹಾಕ್ಬೇಕು."

"ಮತ್ತೆ ಯಾವಾಗ ತೆಗೀತೀರಿ?"

"ನಾಳೆ. ಇದೇ ಹೊತ್ತಿಗೆ."

ನಾಳೆಯಾದರೂ ವಾರ ದಾಟುವುದಿಲ್ಲ. ಇನ್ನೊಂದು ಸಲ ಓದಬಹುದು, ಕೊನೆಯ ಸಾಲು ತೆಗೆಯಬಹುದು. ಅವನು ಚೀಲದ ಬಾಯಿಯ ದಾರ ಎಳೆಯತೊಡಗಿದ.

"ಇರಿ, ಇರಿ," ಎಂದು ಅವಳು ಬಗ್ಗಿ, ಲಕೋಟೆಯನ್ನು ಉಳಿದವುಗಳ ನಡುವೆ ತೂರಿಸಿ ಕೈ ಹಿಂದಕ್ಕೆ ತೆಗೆದುಕೊಂಡಳು. ಅವನು ವಿಳಾಸ ಕೂಡ ನೋಡದೆ ದಾರ ಬಿಗಿದು, ಚೀಲವನ್ನು ಸೈಕಲ್ಲಿಗೆ ಹೇರಿಕೊಂಡು ಹೊರಟ.